ಕ್ಯಾನ್ಸರ್ ತಪಾಸಣೆ: ವಲಸಿಗರು ಮತ್ತು ನಿರಾಶ್ರಿತರ ಮುಂದಿರುವ ಅಡ್ಡಿಗಳು

ಮೈಯಲ್ಲಿ ಯಾವ ತೊಂದರೆಯೂ ಕಾಣದೆ ಓಡಾಡಿಕೊಂಡಿರುವವರನ್ನು ಇಂತಿಷ್ಟು ವರ್ಷಕ್ಕೊಮ್ಮೆ ಪರೀಕ್ಷಿಸಿ, ಕ್ಯಾನ್ಸರನ್ನು ಆರಂಭದಲ್ಲೇ, ಸಾಧ್ಯವಾದರೆ ಅದು ಕ್ಯಾನ್ಸರ್ ಆಗುವ ಮೊದಲೇ ಪತ್ತೆಹಚ್ಚುವುದು ಕ್ಯಾನ್ಸರ್ ತಪಾಸಣೆ. ಗರ್ಭಕಂಠಕ್ಕೆ ಪ್ಯಾಪ್ ಅಥವಾ ಎಚ್‌ಪಿವಿ ಪರೀಕ್ಷೆ, ಸ್ತನಕ್ಕೆ ಮ್ಯಾಮೊಗ್ರಾಮ್, ದೊಡ್ಡ ಕರುಳಿಗೆ ಮಲದ ಪರೀಕ್ಷೆ ಇಲ್ಲವೆ ಕೊಲೊನೊಸ್ಕೋಪಿ ಹೆಚ್ಚು ಬಳಕೆಯಲ್ಲಿವೆ. ಕೆನಡಾ, ಬ್ರಿಟನ್, ಅಮೆರಿಕ, ಆಸ್ಟ್ರೇಲಿಯಾ, ನಾರ್ವೆ, ಡೆನ್ಮಾರ್ಕ್‌ಗಳಂಥ ದೇಶಗಳಲ್ಲಿ ಅಲ್ಲೇ ಹುಟ್ಟಿ ಬೆಳೆದವರಿಗೆ ಹೋಲಿಸಿದರೆ ಹೊರಗಿನಿಂದ ಬಂದು ನೆಲೆಸಿದವರು ಈ ಪರೀಕ್ಷೆಗಳನ್ನು ಮಾಡಿಸಿಕೊಳ್ಳುವುದು ಕಡಿಮೆ ಎಂಬುದು ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ. ಬಂದು ಹತ್ತು ವರ್ಷ ತುಂಬದವರಲ್ಲಿ ಈ ಅಂತರ ಇನ್ನೂ ದೊಡ್ಡದು.

ವಿಶ್ವಸಂಸ್ಥೆಯ ಅಂದಾಜಿನಂತೆ 2024ರಲ್ಲಿ ತಾಯ್ನಾಡಿನ ಹೊರಗೆ ಬದುಕುತ್ತಿದ್ದವರು ಸುಮಾರು 30.4 ಕೋಟಿ. ಯುದ್ಧ, ಹಿಂಸೆ, ಕಿರುಕುಳಗಳಿಂದ ಮನೆ ಬಿಟ್ಟವರು ಆ ವರ್ಷದ ಕೊನೆಗೆ ಸುಮಾರು 12.3 ಕೋಟಿ, ಅವರಲ್ಲಿ ಗಡಿ ದಾಟಿ ನಿರಾಶ್ರಿತರಾದವರು 4.27 ಕೋಟಿ. ನೌಕರಿಯ ಪತ್ರ ಹಿಡಿದು ಹೋದ ಎಂಜಿನಿಯರ್‌ನ ಕಷ್ಟಗಳು ಬೇರೆ, ಶಿಬಿರದಲ್ಲಿ ಹತ್ತಾರು ವರ್ಷ ಕಳೆದು ಬಂದ ವೃದ್ಧೆಯ ಕಷ್ಟಗಳು ಬೇರೆ. ಆದರೂ ಆರೋಗ್ಯ ಇಲಾಖೆಗಳ ಅಂಕಿಅಂಶಗಳು ಇಬ್ಬರನ್ನೂ ಒಂದೇ ಕಲಮಿಗೆ ಸೇರಿಸುತ್ತವೆ. ‘ದಕ್ಷಿಣ ಏಷ್ಯಾದವರು’ ಎಂಬ ಒಂದೇ ಗುಂಪಿನೊಳಗೆ ಶ್ರೀಲಂಕಾದ ಯುದ್ಧದಿಂದ ಓಡಿಬಂದ ತಮಿಳರು, ಪಂಜಾಬಿನ ಲಾರಿ ಚಾಲಕರು, ಬೆಂಗಳೂರಿನ ಸಾಫ್ಟ್‌ವೇರ್ ಕುಟುಂಬಗಳು, ನೇಪಾಳದ ಶಿಬಿರಗಳಿಂದ ಬಂದ ಭೂತಾನಿನ ಲೋತ್ಶಂಪಾ ಜನ ಎಲ್ಲರೂ ಬರುತ್ತಾರೆ. ಹೀಗಾಗಿ ಯಾರು ಎಲ್ಲಿ ಹಿಂದುಳಿದಿದ್ದಾರೆ ಎಂಬುದೇ ಸರಿಯಾಗಿ ಕಾಣುವುದಿಲ್ಲ. ವಲಸೆ ದಾಖಲೆಗಳನ್ನೂ ಆರೋಗ್ಯ ದಾಖಲೆಗಳನ್ನೂ ಜೋಡಿಸಿ ನೋಡುವ ವ್ಯವಸ್ಥೆ ಇರುವುದರಿಂದಲೇ ಕೆನಡಾದ ಒಂಟಾರಿಯೊ ಪ್ರಾಂತದಿಂದ ಈ ವಿಷಯದ ಬಹಳಷ್ಟು ಒಳ್ಳೆಯ ಅಧ್ಯಯನಗಳು ಬಂದಿವೆ.

ರೋಗದ ಹಿನ್ನೆಲೆ

ವಲಸಿಗರು ಸಾಮಾನ್ಯವಾಗಿ ಸ್ಥಳೀಯರಿಗಿಂತ ಆರೋಗ್ಯವಂತರಾಗಿಯೇ ಬರುತ್ತಾರೆ. ವಯಸ್ಸಿನಲ್ಲಿ ಚಿಕ್ಕವರು, ಗಟ್ಟಿಮುಟ್ಟಾದವರು, ವೈದ್ಯಕೀಯ ತಪಾಸಣೆ ದಾಟಿ ಬಂದವರು. ಆದರೆ ವರ್ಷಗಳು ಕಳೆದಂತೆ, ತಲೆಮಾರು ಬದಲಾದಂತೆ ಹೊಸ ನಾಡಿನ ರೋಗಗಳು ಅವರಿಗೂ ಬರತೊಡಗುತ್ತವೆ. ಅಮೆರಿಕಕ್ಕೆ ವಲಸೆ ಹೋದ ಜಪಾನೀಯರ ಬಗ್ಗೆ ವಿಲಿಯಂ ಹೇನ್ಸೆಲ್ ಮತ್ತು ಮಿನೋರು ಕುರಿಹಾರಾ 1968ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಮೊದಲು ಸ್ಪಷ್ಟವಾಗಿ ತೋರಿಸಿತು: ಜಪಾನಿನಲ್ಲಿ ಹೆಚ್ಚಾಗಿದ್ದ ಜಠರದ ಕ್ಯಾನ್ಸರ್ ಅವರಲ್ಲಿ ಇಳಿಯುತ್ತ ಹೋಯಿತು, ಅಮೆರಿಕದಲ್ಲಿ ಹೆಚ್ಚಾಗಿದ್ದ ಕರುಳಿನ ಕ್ಯಾನ್ಸರ್ ಏರಿತು. ಬಂದಾಗ ಆರೋಗ್ಯವಾಗಿದ್ದರು ಎಂಬ ಕಾರಣಕ್ಕೆ ತಪಾಸಣೆಯನ್ನು ಮುಂದೂಡುವುದು ಅಪಾಯಕರ.

ಕೆಲವು ಕ್ಯಾನ್ಸರ್‌ಗಳ ಬೀಜವಂತೂ ತಾಯ್ನಾಡಿನಲ್ಲೇ ಬಿದ್ದಿರುತ್ತದೆ. ಎಚ್‌ಪಿವಿ ಎಂಬ ವೈರಸ್ಸಿನ ಸೋಂಕು ಗರ್ಭಕಂಠದ ಕ್ಯಾನ್ಸರ್ ಆಗಿ ಬೆಳೆಯಲು ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ಲಸಿಕೆಯೂ ಇಲ್ಲದ, ತಪಾಸಣೆಯೂ ಇಲ್ಲದ ದೇಶದಿಂದ ನಲವತ್ತರ ವಯಸ್ಸಿನಲ್ಲಿ ಬಂದಿಳಿದ ಮಹಿಳೆಗೆ ಹೊಸ ನಾಡಿನ ಮೊದಲ ಪರೀಕ್ಷೆ ಬಹುಶಃ ಜೀವನದ ಮೊದಲ ಪರೀಕ್ಷೆ. 2022ರಲ್ಲಿ ಜಗತ್ತಿನಾದ್ಯಂತ ಸುಮಾರು 3.5 ಲಕ್ಷ ಮಹಿಳೆಯರು ಈ ಕ್ಯಾನ್ಸರ್‌ನಿಂದ ಸತ್ತರು, ಅವರಲ್ಲಿ ಶೇ. 94ರಷ್ಟು ಮಂದಿ ಬಡ ಮತ್ತು ಮಧ್ಯಮ ಆದಾಯದ ದೇಶಗಳವರು. ಹೆರಿಗೆಯ ವೇಳೆ ತಾಯಿಯಿಂದ ಮಗುವಿಗೆ ಹರಡುವ ಹೆಪಟೈಟಿಸ್ ಬಿ ಕೂಡ ಇಂಥದ್ದೇ. ಅದು ಹಲವು ದಶಕಗಳ ನಂತರ ಯಕೃತ್ತಿನ ಕ್ಯಾನ್ಸರ್ ತರಬಲ್ಲದು. ಪೂರ್ವ ಏಷ್ಯಾ, ಆಫ್ರಿಕಾಗಳಿಂದ ಬಂದವರಲ್ಲಿ ಈ ಸೋಂಕು ಹೆಚ್ಚು.

ಆತಿಥೇಯ ದೇಶದ ತಪಾಸಣಾ ಪಟ್ಟಿಯಲ್ಲೇ ಇಲ್ಲದ ಕ್ಯಾನ್ಸರ್‌ಗಳದು ಇನ್ನೊಂದು ಸಮಸ್ಯೆ. ದಕ್ಷಿಣ ಕೊರಿಯಾದಲ್ಲಿ 40 ದಾಟಿದವರಿಗೆ ಎರಡು ವರ್ಷಕ್ಕೊಮ್ಮೆ ಜಠರದ ತಪಾಸಣೆ ಉಂಟು. ಅದೇ ವ್ಯಕ್ತಿ ಅಮೆರಿಕಕ್ಕೆ ಹೋದರೆ ಅಲ್ಲಿ ಅಂಥ ರಾಷ್ಟ್ರೀಯ ಕಾರ್ಯಕ್ರಮವಿಲ್ಲ. ಬಾಯಿಯ ಕ್ಯಾನ್ಸರಿನದೂ ಇದೇ ಕತೆ. ಅಡಿಕೆ, ಗುಟ್ಕಾ, ಹೊಗೆಸೊಪ್ಪಿನ ಅಭ್ಯಾಸ ಸಮುದ್ರ ದಾಟಿದರೂ ಬಿಡುವುದಿಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ತಂಬಾಕು ಬೆರೆಸದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ವರ್ಗಕ್ಕೆ ಸೇರಿಸಿತು. ಲಂಡನ್ನಿನ ಬಾಂಗ್ಲಾದೇಶಿ ಬಡಾವಣೆಗಳಲ್ಲಿ ವೀಳ್ಯ ಮೆಲ್ಲುವ ಅಜ್ಜಿಯರ ಬಾಯಿಯನ್ನು ನೋಡುವವರು ದಂತವೈದ್ಯರು ಮಾತ್ರ, ಅದೂ ಅವರು ಹಲ್ಲು ನೋವೆಂದು ಹೋದರೆ.

ಹಕ್ಕು, ವಿಮೆ, ಕಾಗದಪತ್ರ

ಮೊದಲ ಅಡ್ಡಿ ಕಾನೂನಿನದು. ಅಮೆರಿಕದಲ್ಲಿ 1996ರ ಕಲ್ಯಾಣ ಸುಧಾರಣಾ ಕಾಯ್ದೆ, ಗ್ರೀನ್ ಕಾರ್ಡ್ ಪಡೆದವರೂ ಸಾಮಾನ್ಯವಾಗಿ ಐದು ವರ್ಷ ಕಾಯದೆ ಬಡವರ ವಿಮೆಯಾದ ಮೆಡಿಕೇಡ್ ಪಡೆಯದಂತೆ ಮಾಡಿತು. ದಾಖಲೆ ಇಲ್ಲದವರಿಗೆ ಆ ಬಾಗಿಲು ಬಹುತೇಕ ಮುಚ್ಚಿಯೇ ಇದೆ. ಆರೋಗ್ಯ ನೀತಿಯ ಸಂಶೋಧನೆ ನಡೆಸುವ ಕೆಎಫ್‌ಎಫ್ ಸಂಸ್ಥೆ 2023ರಲ್ಲಿ ವಲಸಿಗರ ನಡುವೆ ನಡೆಸಿದ ದೊಡ್ಡ ಸಮೀಕ್ಷೆಯ ಪ್ರಕಾರ ದಾಖಲೆ ಇಲ್ಲದ ವಯಸ್ಕರಲ್ಲಿ ಅರ್ಧದಷ್ಟು ಮಂದಿಗೆ ಯಾವ ವಿಮೆಯೂ ಇರಲಿಲ್ಲ. ಅಲ್ಲೇ ಹುಟ್ಟಿದವರಲ್ಲಿ ಈ ಪ್ರಮಾಣ ಶೇ. 8. ವಿಮೆಯಿಲ್ಲದ ಬಡ ಮಹಿಳೆಯರಿಗೆ ಸ್ತನ ಮತ್ತು ಗರ್ಭಕಂಠದ ತಪಾಸಣೆಯನ್ನು ಉಚಿತವಾಗಿ ಕೊಡಲು 1990ರಲ್ಲಿ ಅಮೆರಿಕ ಕಾಯ್ದೆ ಮಾಡಿತು. ಅದರಿಂದ ಲಕ್ಷಾಂತರ ಮಹಿಳೆಯರಿಗೆ ಅನುಕೂಲವಾಗಿದೆ. ಆದರೆ ಅರ್ಹರಾದ ಎಲ್ಲರನ್ನೂ ತಲಪುವಷ್ಟು ಹಣ ಅದಕ್ಕೆ ಎಂದೂ ಸಿಕ್ಕಿಲ್ಲ.

ಕೆನಡಾದಲ್ಲಿ ಆಶ್ರಯ ಕೋರಿ ಬಂದವರ ಚಿಕಿತ್ಸೆಯ ವೆಚ್ಚವನ್ನು ಕೇಂದ್ರ ಸರ್ಕಾರದ ಮಧ್ಯಂತರ ಆರೋಗ್ಯ ಕಾರ್ಯಕ್ರಮ ಭರಿಸುತ್ತದೆ. 2012ರಲ್ಲಿ ಸರ್ಕಾರ ಅದನ್ನು ತೀವ್ರವಾಗಿ ಮೊಟಕುಗೊಳಿಸಿತು. ವೈದ್ಯರು ಬಿಳಿ ಕೋಟು ತೊಟ್ಟು ಬೀದಿಗಿಳಿದರು. 2014ರಲ್ಲಿ ಫೆಡರಲ್ ನ್ಯಾಯಾಲಯ ಆ ಕಡಿತ ಸಂವಿಧಾನಬಾಹಿರ ಎಂದಿತು. 2016ರಲ್ಲಿ ಕಾರ್ಯಕ್ರಮ ಪೂರ್ತಿಯಾಗಿ ಮರಳಿತು. ಆ ನಾಲ್ಕು ವರ್ಷಗಳಲ್ಲಿ ಯಾರಿಗೆ ಯಾವ ಸೌಲಭ್ಯ ಉಂಟು ಎಂಬುದು ಎಷ್ಟೋ ಚಿಕಿತ್ಸಾಲಯಗಳಿಗೇ ಗೊತ್ತಾಗದೆ, ಅರ್ಹರನ್ನೂ ವಾಪಸು ಕಳಿಸಿದ್ದುಂಟು.

ಹಕ್ಕು ಇದ್ದರೂ ಭಯ ತಡೆಯುತ್ತದೆ. ಬ್ರಿಟನ್ನಿನಲ್ಲಿ ಕುಟುಂಬ ವೈದ್ಯರ ಬಳಿ ಹೆಸರು ನೋಂದಾಯಿಸಲು ವೀಸಾ ಬೇಕಿಲ್ಲ, ವಿಳಾಸದ ಪುರಾವೆಯೂ ಬೇಕಿಲ್ಲ. ಹಾಗಿದ್ದರೂ ಸ್ವಾಗತದ ಮೇಜಿನಲ್ಲಿ ಕೂತವರು ಪಾಸ್‌ಪೋರ್ಟ್ ಕೇಳುವುದು ನಿಂತಿಲ್ಲ. 2017ರ ಆರಂಭದಿಂದ 2018ರವರೆಗೆ ಅಲ್ಲಿನ ಆರೋಗ್ಯ ಸೇವೆಯ ದತ್ತಾಂಶ ವಿಭಾಗವು ರೋಗಿಗಳ ವಿಳಾಸಗಳನ್ನು ಗೃಹ ಇಲಾಖೆಗೆ ಕೊಡುವ ಒಪ್ಪಂದವೂ ಜಾರಿಯಲ್ಲಿತ್ತು. ವಿರೋಧ ಬಂದ ಮೇಲೆ ಅದನ್ನು ಕೈಬಿಡಲಾಯಿತು. ಹುಟ್ಟಿದ ಭಯ ಮಾತ್ರ ಅಷ್ಟು ಬೇಗ ಹೋಗುವಂಥದ್ದಲ್ಲ. ಅಮೆರಿಕದಲ್ಲಿ ಸರ್ಕಾರಿ ನೆರವು ಪಡೆದರೆ ಗ್ರೀನ್ ಕಾರ್ಡ್‌ಗೆ ತೊಂದರೆಯಾದೀತೆಂಬ ‘ಪಬ್ಲಿಕ್ ಚಾರ್ಜ್’ ನಿಯಮ 2020ರಿಂದ 2021ರವರೆಗೆ ವಿಸ್ತರಿತ ರೂಪದಲ್ಲಿ ಜಾರಿಯಲ್ಲಿದ್ದಾಗ, ಅದು ಅನ್ವಯಿಸದ ಕುಟುಂಬಗಳೂ ಸೌಲಭ್ಯಗಳಿಂದ ಹಿಂದೆ ಸರಿದವು.

ಕರೆ ತಲಪುವ ದಾರಿ

ಸಂಘಟಿತ ತಪಾಸಣೆ ನಿಂತಿರುವುದೇ ದಾಖಲೆಗಳ ಮೇಲೆ. ಇಂಗ್ಲೆಂಡಿನಲ್ಲಿ 50 ದಾಟಿದ ಮಹಿಳೆಗೆ ಮೂರು ವರ್ಷಕ್ಕೊಮ್ಮೆ ಮ್ಯಾಮೊಗ್ರಾಮ್‌ಗೆ ಕರೆ ಬರುತ್ತದೆ; ಆದರೆ ಕುಟುಂಬ ವೈದ್ಯರ ಪಟ್ಟಿಯಲ್ಲಿ ಹೆಸರಿರಬೇಕು, ಅಲ್ಲಿರುವ ವಿಳಾಸ ಸರಿಯಿರಬೇಕು. ಹೊಸದಾಗಿ ಬಂದವರು ಬಾಡಿಗೆ ಮನೆಯಿಂದ ಮನೆಗೆ, ಊರಿಂದ ಊರಿಗೆ ಹೋಗುತ್ತಲೇ ಇರುತ್ತಾರೆ. ಪತ್ರ ಹಳೆಯ ಮನೆಯ ಬಾಗಿಲಲ್ಲಿ ಬಿದ್ದಿರುತ್ತದೆ. ಸೊಮಾಲಿಯಾ, ಅಫ್ಘಾನಿಸ್ತಾನ, ಸುಡಾನ್‌ಗಳಿಂದ ಬಂದ ಅನೇಕರಿಗೆ ಹುಟ್ಟಿದ ದಿನದ ದಾಖಲೆಯೇ ಇಲ್ಲ. ಶಿಬಿರದ ಅಧಿಕಾರಿಗಳು ವರ್ಷವನ್ನು ಅಂದಾಜು ಮಾಡಿ ಜನವರಿ 1 ಎಂದು ಬರೆದುಕೊಂಡಿರುತ್ತಾರೆ. ಗಂಡ, ಹೆಂಡತಿ, ಅತ್ತೆ ಮೂವರದೂ ಜನವರಿ 1. ವಯಸ್ಸಿನ ಅಂದಾಜು ಐದು ವರ್ಷ ಕಡಿಮೆಯಾದರೆ, ವಯಸ್ಸನ್ನೇ ಆಧರಿಸಿದ ಕರೆ ಐದು ವರ್ಷ ತಡವಾಗಿ ಬರುತ್ತದೆ.

ಒಂಟಾರಿಯೊದ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡದ್ದು ವೈದ್ಯರ ಪಾತ್ರ. ಗರ್ಭಕಂಠದ ತಪಾಸಣೆಯಲ್ಲಿ ಎಲ್ಲರಿಗಿಂತ ಹಿಂದಿದ್ದವರು ದಕ್ಷಿಣ ಏಷ್ಯಾದ ಮಹಿಳೆಯರು, ಅದರಲ್ಲೂ ಐವತ್ತು ದಾಟಿ ಬಡ ಬಡಾವಣೆಗಳಲ್ಲಿದ್ದವರು. ಅದೇ ಸಮುದಾಯದಲ್ಲೂ ಕಾಯಂ ಕುಟುಂಬ ವೈದ್ಯರಿದ್ದವರು, ಮಹಿಳಾ ವೈದ್ಯರಿದ್ದವರು ಹೆಚ್ಚಾಗಿ ಪರೀಕ್ಷೆ ಮಾಡಿಸಿಕೊಂಡಿದ್ದರು. ವಿದೇಶದಲ್ಲಿ ಓದಿದ ಪುರುಷ ವೈದ್ಯರ ಬಳಿ ಹೋಗುತ್ತಿದ್ದವರಲ್ಲಿ ಪ್ರಮಾಣ ಕಡಿಮೆಯಿತ್ತು. ತಾಯ್ನಾಡಿನವರೇ ಆದ ವೈದ್ಯರಿದ್ದರೂ ‘ನಮ್ಮವರೇ ಡಾಕ್ಟರ್’ ಎಂಬ ಸಲಿಗೆ ಇಲ್ಲಿ ನೆರವಾಗುವುದಿಲ್ಲ. ಮುಲಾಜಿಗೆ ಬಿದ್ದು ವೈದ್ಯರು ಕೇಳುವುದಿಲ್ಲ, ಸಂಕೋಚಕ್ಕೆ ಇವರು ಹೇಳುವುದಿಲ್ಲ.

ಸಮಯದ್ದು ಸರಳ ಲೆಕ್ಕ. ಚಿಕಿತ್ಸಾಲಯ ತೆರೆದಿರುವುದು ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ. ಮಾಂಸದ ಕಾರ್ಖಾನೆಯಲ್ಲೋ ಹೋಟೆಲಿನ ಕೋಣೆ ಗುಡಿಸುವುದರಲ್ಲೋ ದಿನಗೂಲಿಗೆ ದುಡಿಯುವವರಿಗೆ ಅರ್ಧ ದಿನ ರಜೆ ಎಂದರೆ ಅರ್ಧ ದಿನದ ಕೂಲಿ ಹೋಯಿತು. ಮಗುವನ್ನು ನೋಡಿಕೊಳ್ಳಲು ಅಲ್ಲಿ ಅಜ್ಜಿಯಿಲ್ಲ, ಅಕ್ಕಪಕ್ಕದವರ ಪರಿಚಯವಿಲ್ಲ.

ಭಾಷೆ

ಪತ್ರವನ್ನು ಅನುವಾದಿಸಿ ಕಳಿಸಿದರೆ ಸಾಕು ಎಂದು ಬಹಳ ಕಾಲ ನಂಬಲಾಗಿತ್ತು. ಸೊಮಾಲಿ ಭಾಷೆಗೆ ಅಧಿಕೃತ ಲಿಪಿ ಬಂದದ್ದು 1972ರಲ್ಲಿ. ಶಾಲೆಗೆ ಹೋಗದ ಹಿರಿಯ ಸೊಮಾಲಿ ಮಹಿಳೆಗೆ ಸೊಮಾಲಿಯಲ್ಲಿ ಬರೆದ ಕಾಗದವೂ ಓದಲು ಬಾರದು. ಲಂಡನ್ನಿನ ಸಿಲ್ಹೆಟಿ ಮಾತಾಡುವ ಹೆಂಗಸರಿಗೆ ಬರುವ ಕಾಗದ ಶಿಷ್ಟ ಬಂಗಾಳಿಯಲ್ಲಿರುತ್ತದೆ. ಇಂಥವರಿಗೆ ಬೇಕಾದದ್ದು ಫೋನಿನಲ್ಲಿ ಒಂದು ದನಿ, ಎದುರಿಗೆ ಕೂತು ವಿವರಿಸುವ ಒಬ್ಬರು.

ಆಸ್ಟ್ರೇಲಿಯಾ 1973ರಲ್ಲೇ ದೂರವಾಣಿ ಮೂಲಕ ದುಭಾಷಿಗಳನ್ನು ಒದಗಿಸುವ ಸರ್ಕಾರಿ ಸೇವೆ ಆರಂಭಿಸಿತು. ಇಂದಿಗೂ ಅಲ್ಲಿನ ವೈದ್ಯರು ಅದನ್ನು ಬಳಸಬಹುದು. ಅಂಥ ಸೇವೆ ಸಿಗದೆಡೆ ದುಭಾಷಿಯ ಕೆಲಸ ಹೆಚ್ಚಾಗಿ ಮಕ್ಕಳ ಮೇಲೆ ಬೀಳುತ್ತದೆ. ಹನ್ನೆರಡು ವರ್ಷದ ಮಗ ಅಮ್ಮನ ಮುಟ್ಟಿನ ಬಗ್ಗೆ, ಲೈಂಗಿಕ ಜೀವನದ ಬಗ್ಗೆ ಡಾಕ್ಟರ ಪ್ರಶ್ನೆಯನ್ನು ಮನೆಮಾತಿಗೆ ತಿರುಗಿಸಬೇಕು. ಅಮ್ಮ ತಲೆ ತಗ್ಗಿಸಿ ‘ಇಲ್ಲ’ ಎನ್ನುತ್ತಾಳೆ. ಪರೀಕ್ಷೆಯ ಮಾತು ಅಲ್ಲಿಗೇ ಮುಗಿಯುತ್ತದೆ. ಗಂಡ ದುಭಾಷಿಯಾದಾಗ ಹೆಂಡತಿಯ ಪ್ರಶ್ನೆಗಳು ವೈದ್ಯರವರೆಗೆ ಹೋಗುವುದೇ ಇಲ್ಲ. ತರಬೇತಾದ ದುಭಾಷಿಯನ್ನು ಒದಗಿಸದ ಆಸ್ಪತ್ರೆ ತಪಾಸಣೆಯನ್ನು ಕೊಟ್ಟಂತಾಗುವುದಿಲ್ಲ.

ಮೈ, ಸಂಕೋಚ, ನೋವು

ಪ್ಯಾಪ್ ಪರೀಕ್ಷೆಯನ್ನು ಜಗತ್ತಿಗೆ ಕೊಟ್ಟ ಜಾರ್ಜ್ ಪಾಪಾನಿಕೊಲಾವ್ ಅವರೂ ವಲಸಿಗರೇ. ಗ್ರೀಸಿನಿಂದ 1913ರಲ್ಲಿ ನ್ಯೂಯಾರ್ಕ್ ಸೇರಿದ ಅವರು ಮೊದಮೊದಲು ಅಂಗಡಿಯಲ್ಲಿ ಜಮಖಾನ ಮಾರಿದರು, ಪತ್ನಿ ಆಂಡ್ರೊಮಾಕಿ ಗುಂಡಿ ಹೊಲಿದರು. ಮುಂದೆ ವರ್ಷಗಟ್ಟಲೆ ಪರೀಕ್ಷೆಗೆ ತಮ್ಮದೇ ಮಾದರಿ ಕೊಟ್ಟವರೂ ಆಕೆಯೇ. 1943ರಲ್ಲಿ ಹರ್ಬರ್ಟ್ ಟ್ರೌಟ್ ಜೊತೆ ಪಾಪಾನಿಕೊಲಾವ್ ಬರೆದ ಗ್ರಂಥ ಈ ಪರೀಕ್ಷೆಗೆ ವೈದ್ಯಲೋಕದ ಮನ್ನಣೆ ತಂದಿತು.

ಪರೀಕ್ಷೆ ಕೆಲವೇ ನಿಮಿಷದ್ದು. ಮಹಿಳೆ ಸೊಂಟದಿಂದ ಕೆಳಗಿನ ಬಟ್ಟೆ ತೆಗೆದು ಮೊಣಕಾಲು ಮಡಚಿ ಮಲಗಬೇಕು. ಸ್ಪೆಕ್ಯುಲಮ್ ಎಂಬ ಸಾಧನ ಯೋನಿಯನ್ನು ಅಗಲಿಸಿ ಹಿಡಿಯುತ್ತದೆ, ಪುಟ್ಟ ಬ್ರಷ್ಷಿನಿಂದ ಗರ್ಭಕಂಠದ ಜೀವಕೋಶಗಳನ್ನು ತೆಗೆಯುತ್ತಾರೆ. ಯುದ್ಧದಲ್ಲಿ, ಸೆರೆಯಲ್ಲಿ, ಓಡಿಬರುವ ದಾರಿಯಲ್ಲಿ ಅತ್ಯಾಚಾರಕ್ಕೆ ಒಳಗಾದ ಮಹಿಳೆಗೆ ಹೀಗೆ ಮಲಗುವುದೇ ಹಳೆಯ ಭಯವನ್ನು ಕೆದಕುತ್ತದೆ. ಸೊಮಾಲಿಯಾ, ಸುಡಾನ್‌ಗಳ ಹಲವು ಮಹಿಳೆಯರಿಗೆ ಬಾಲ್ಯದಲ್ಲೇ ಜನನಾಂಗ ಛೇದನ ಮಾಡಿ ಹೊಲಿದಿರುವುದರಿಂದ ಸಾಮಾನ್ಯ ಗಾತ್ರದ ಸ್ಪೆಕ್ಯುಲಮ್ ಅಸಹನೀಯ ನೋವು ಕೊಡುತ್ತದೆ. ಜೊತೆಗೆ, ಅಂಥದ್ದನ್ನು ಎಂದೂ ನೋಡದ ನರ್ಸಿನ ಮುಖದ ಮೇಲಿನ ಆಘಾತವನ್ನೂ ಸಹಿಸಬೇಕು. ಇವನ್ನು ‘ಅರಿವಿನ ಕೊರತೆ’ ಎಂದು ಬರೆದುಬಿಡುವುದು ಅನ್ಯಾಯ.

ಮದುವೆಯಾಗದ ಹೆಣ್ಣುಮಕ್ಕಳಿಗೆ ಈ ಪರೀಕ್ಷೆ ಕೂಡದೆಂಬ ನಂಬಿಕೆ, ಮನೆಯಲ್ಲಿ ಕ್ಯಾನ್ಸರ್ ಇದೆಯೆಂದು ತಿಳಿದರೆ ಮಗಳ ಸಂಬಂಧ ಕೂಡಿಬರುವುದಿಲ್ಲವೆಂಬ ಅಳುಕು, ಬಂದರೆ ಬರಲಿ ಹಣೆಬರಹ ಎಂಬ ಭಾವ, ನೋವಿಲ್ಲದೆ ಆಸ್ಪತ್ರೆಗೆ ಹೋಗುವುದೇಕೆ ಎಂಬ ಪ್ರಶ್ನೆ, ಇವೆಲ್ಲ ಇರುವುದು ನಿಜ. ಇಂಗ್ಲೆಂಡಿನ ಕವೆಂಟ್ರಿ ಮತ್ತು ವಾರಿಕ್‌ಷೈರ್‌ನಲ್ಲಿ 2000ರಲ್ಲಿ ಕರುಳಿನ ತಪಾಸಣೆ ಪ್ರಾಯೋಗಿಕವಾಗಿ ಆರಂಭವಾದಾಗ ಏಷ್ಯಾ ಮೂಲದವರಲ್ಲಿ ಭಾಗವಹಿಸಿದವರು ಮೂರರಲ್ಲೊಬ್ಬರು ಮಾತ್ರ. ಉಳಿದವರಲ್ಲಿ ಹತ್ತಕ್ಕೆ ಆರು ಮಂದಿ. ಆಗಿನ ಪರೀಕ್ಷೆಗೆ ಮೂರು ಬೇರೆ ಬೇರೆ ದಿನದ ಮಲವನ್ನು ಕಡ್ಡಿಯಿಂದ ತೆಗೆದು ರಟ್ಟಿನ ಚೀಟಿಗೆ ಸವರಿ, ಅಷ್ಟು ದಿನ ಮನೆಯಲ್ಲಿಟ್ಟುಕೊಂಡು, ಅಂಚೆಗೆ ಹಾಕಬೇಕಿತ್ತು. ಹತ್ತು ಜನಕ್ಕೆ ಒಂದೇ ಶೌಚಾಲಯವಿರುವ, ಮಡಿ ಮೈಲಿಗೆ ನೋಡುವ ಮನೆಯಲ್ಲಿ ಅದು ಸುಲಭವಲ್ಲ. 2019ರಿಂದ ಅಲ್ಲಿ ಒಂದೇ ಮಾದರಿ ಸಾಕಾಗುವ ಎಫ್‌ಐಟಿ ಪರೀಕ್ಷೆ ಬಂದಿದೆ.

ಆದರೆ ಬಂದವರ ನಂಬಿಕೆಗಳೇ ಮುಖ್ಯ ಕಾರಣ ಎನ್ನುವ ವಾದ ನಿಲ್ಲುವುದಿಲ್ಲ. ಮೇಲೆ ಹೇಳಿದ ಸೊಮಾಲಿಯಾ, ದಕ್ಷಿಣ ಏಷ್ಯಾಗಳಂಥ ಸಮುದಾಯಗಳಲ್ಲೇ ವಿಮೆ, ಕಾಯಂ ವೈದ್ಯರು, ದುಭಾಷಿ, ಮಹಿಳಾ ಸಿಬ್ಬಂದಿ ದೊರೆತಾಗ ಪರೀಕ್ಷೆಗೆ ಬರುವವರ ಸಂಖ್ಯೆ ಏರುತ್ತದೆ. ನಂಬಿಕೆ ಬದಲಾಗಲು ತಲೆಮಾರು ಬೇಕು. ಇಷ್ಟು ಬೇಗ ಬದಲಾಗಿರುವುದು ವ್ಯವಸ್ಥೆ.

ಶಿಬಿರಗಳಲ್ಲಿ, ಬಡ ದೇಶಗಳಲ್ಲಿ

ಸಂಶೋಧನೆಯ ಬಹುಪಾಲು ಶ್ರೀಮಂತ ದೇಶಗಳದ್ದಾದರೂ ನಿರಾಶ್ರಿತರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಮಂದಿ ಇರುವುದು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ಅಲ್ಲಿ ಹೆಚ್ಚಿನ ಕಡೆ ಸ್ಥಳೀಯರಿಗೇ ಸಂಘಟಿತ ತಪಾಸಣೆಯಿಲ್ಲ. ಜೋರ್ಡಾನ್‌ನಲ್ಲಿ ದುಬಾರಿ ಚಿಕಿತ್ಸೆ ಕೋರಿ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಗೆ 2010ರಿಂದ 2012ರವರೆಗೆ ಬಂದ ಅರ್ಜಿಗಳಲ್ಲಿ ಸುಮಾರು ಕಾಲುಭಾಗ ಕ್ಯಾನ್ಸರಿನವು, ಅತಿ ಸಾಮಾನ್ಯವಾಗಿದ್ದದ್ದು ಸ್ತನ ಕ್ಯಾನ್ಸರ್. ಅವುಗಳಲ್ಲಿ ಮಂಜೂರಾದದ್ದು ಅರ್ಧದಷ್ಟು. ರೋಗ ಮುಂದುವರಿದಿದೆ, ಬದುಕುವ ಭರವಸೆ ಕಡಿಮೆ, ಖರ್ಚು ಹೆಚ್ಚು ಎಂಬವೇ ತಿರಸ್ಕಾರದ ಮುಖ್ಯ ಕಾರಣಗಳು. ತಡವಾಗಿ ಪತ್ತೆಯಾದ್ದರಿಂದಲೂ ಚಿಕಿತ್ಸೆ ಸಿಗಲಿಲ್ಲ ಎಂದಂತಾಯಿತು.

ವಿಲ್ಸನ್ ಮತ್ತು ಯುಂಗ್ನರ್ 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಬರೆದುಕೊಟ್ಟ ತಪಾಸಣೆಯ ಸೂತ್ರಗಳಲ್ಲಿ ಒಂದು, ರೋಗನಿರ್ಣಯ ಮತ್ತು ಚಿಕಿತ್ಸೆಯ ಸೌಲಭ್ಯ ಇರಲೇಬೇಕು ಎಂಬುದು. ಶಿಬಿರದಲ್ಲಿ ಪರೀಕ್ಷೆ ಮಾಡಿ, ‘ಗಂಟಿದೆ, ಆದರೆ ಮುಂದಿನದಕ್ಕೆ ಹಣವಿಲ್ಲ’ ಎನ್ನುವುದು ಆ ಸೂತ್ರಕ್ಕೆ ವಿರುದ್ಧ.

ಫಲ ಕೊಟ್ಟ ಕ್ರಮಗಳು

ಅಮೆರಿಕದ ಬಾಸ್ಟನ್ ಸಮೀಪದ ಚೆಲ್ಸಿ ಆರೋಗ್ಯ ಕೇಂದ್ರದಲ್ಲಿ ಬಾಸ್ನಿಯಾದ ನಿರಾಶ್ರಿತ ಮಹಿಳೆಯರಿಗಾಗಿ ಅವರ ಭಾಷೆಯನ್ನೇ ಆಡುವ ಮಾರ್ಗದರ್ಶಕಿಯನ್ನು ನೇಮಿಸಿಕೊಂಡರು. ಆಕೆ ಫೋನ್ ಮಾಡುತ್ತಿದ್ದಳು, ಮನೆಗೆ ಹೋಗುತ್ತಿದ್ದಳು, ಪರೀಕ್ಷೆಯ ದಿನ ಗೊತ್ತುಮಾಡಿ ಬೇಕಾದರೆ ಜೊತೆಗೂ ಹೋಗುತ್ತಿದ್ದಳು. ಒಂದೇ ವರ್ಷದಲ್ಲಿ ಸಕಾಲಕ್ಕೆ ಮ್ಯಾಮೊಗ್ರಾಮ್ ಆಗಿದ್ದವರ ಪ್ರಮಾಣ ಶೇ. 44ರಿಂದ ಶೇ. 67ಕ್ಕೆ ಏರಿತು. ಹೊಸ ಯಂತ್ರ ಬರಲಿಲ್ಲ, ಹೊಸ ಔಷಧ ಬರಲಿಲ್ಲ. ಬಂದದ್ದು ಒಬ್ಬ ಹೆಣ್ಣುಮಗಳು. ನಮ್ಮ ಹಳ್ಳಿಗಳ ಆಶಾ ಕಾರ್ಯಕರ್ತೆಯರನ್ನು ಬಲ್ಲವರಿಗೆ ಇದರಲ್ಲಿ ಅಚ್ಚರಿಯಿಲ್ಲ. ಇಂಥ ಹುದ್ದೆಗಳು ಹೆಚ್ಚಾಗಿ ಮೂರು ವರ್ಷದ ಅನುದಾನದ ಮೇಲೆ ನಡೆದು, ಅನುದಾನ ಮುಗಿದಾಗ ಮುಚ್ಚುವುದೇ ದೊಡ್ಡ ಕೊರತೆ.

ಗರ್ಭಕಂಠದ ವಿಷಯದಲ್ಲಿ ದೊಡ್ಡ ಬದಲಾವಣೆ ಸ್ವಯಂ ಮಾದರಿಯದು. ಎಚ್‌ಪಿವಿ ಪರೀಕ್ಷೆಗೆ ಸ್ಪೆಕ್ಯುಲಮ್ ಬೇಕಿಲ್ಲ. ಮಹಿಳೆ ಪರದೆಯ ಹಿಂದೆ ತಾನೇ ಹತ್ತಿಯ ಕಡ್ಡಿಯಿಂದ ಮಾದರಿ ತೆಗೆದು ಕೊಡಬಹುದು. ಆಸ್ಟ್ರೇಲಿಯಾ 2017ರ ಡಿಸೆಂಬರಿನಲ್ಲಿ ಪ್ಯಾಪ್ ಬಿಟ್ಟು ಎಚ್‌ಪಿವಿ ಪರೀಕ್ಷೆಗೆ ಬಂದಿತು, 2022ರ ಜುಲೈಯಿಂದ ಸ್ವಯಂ ಮಾದರಿಯ ಆಯ್ಕೆಯನ್ನು ಎಲ್ಲರಿಗೂ ತೆರೆಯಿತು. ಕೆನಡಾದ ಬ್ರಿಟಿಷ್ ಕೊಲಂಬಿಯಾ 2024ರಿಂದ ಮನೆಗೇ ಕಿಟ್ ಕಳಿಸುತ್ತಿದೆ. ಸಂಕೋಚ, ನೋವು, ಮಹಿಳಾ ವೈದ್ಯರ ಕೊರತೆ ಮೂರಕ್ಕೂ ಇದು ಉತ್ತರ. ಆದರೆ ಸೋಂಕು ಕಂಡುಬಂದರೆ ಮುಂದಿನ ಪರೀಕ್ಷೆಗೆ ಆಸ್ಪತ್ರೆಗೆ ಹೋಗಲೇಬೇಕು. ಅಲ್ಲಿ ಮತ್ತೆ ದುಭಾಷಿ, ವಿಮೆ, ರಜೆಯ ಪ್ರಶ್ನೆಗಳು ಎದುರಾಗುತ್ತವೆ.

ಕರ್ನಾಟಕದ ನಂಟು

ಕರ್ನಾಟಕವೂ ನಿರಾಶ್ರಿತರಿಗೆ ನೆಲೆ ಕೊಟ್ಟ ನಾಡು. ಇಲ್ಲಿ ಟಿಬೆಟಿಯನ್ನರಿಗೆ ಭೂಮಿ ನೀಡಲಾಯಿತು. ಬೈಲಕುಪ್ಪೆ, ಮುಂಡಗೋಡ, ಹುಣಸೂರು, ಕೊಳ್ಳೇಗಾಲಗಳಲ್ಲಿ ಅವರ ವಸತಿಗಳಿವೆ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಹೀಗಾಗಿ ನೋಂದಣಿ ಪತ್ರವೇ ಟಿಬೆಟಿಯನ್ನರ ಮುಖ್ಯ ದಾಖಲೆ. ಈ ಸಮುದಾಯದಲ್ಲಿ ಹೆಪಟೈಟಿಸ್ ಬಿ ಹೆಚ್ಚಾಗಿರುವುದರಿಂದ ಯಕೃತ್ತಿನ ಮೇಲೆ ನಿಗಾ ಅಗತ್ಯ. ಚಳಿಗಾಲದಲ್ಲಿ ಅನೇಕ ಕುಟುಂಬಗಳು ಸ್ವೆಟರ್ ವ್ಯಾಪಾರಕ್ಕೆ ದೂರದ ನಗರಗಳಿಗೆ ಹೋಗುತ್ತವೆ. ಆ ತಿಂಗಳುಗಳಲ್ಲಿ ವಸತಿಯಲ್ಲಿ ಏರ್ಪಡಿಸಿದ ತಪಾಸಣಾ ಶಿಬಿರ ದುಡಿಯುವ ವಯಸ್ಸಿನವರಿಗೆ ತಪ್ಪಿಹೋಗುತ್ತದೆ.

ಹೊರಗೆ ಹೋದ ಕನ್ನಡಿಗರಲ್ಲಿ ಹೆಚ್ಚಿನವರಿಗೆ ನೌಕರಿಯ ವಿಮೆಯುಂಟು. ತೊಂದರೆಯಿರುವುದು ಮೊಮ್ಮಕ್ಕಳನ್ನು ನೋಡಿಕೊಳ್ಳಲು ಹೋಗುವ ತಂದೆತಾಯಿಯರಿಗೆ. ಕೆನಡಾದ ಸೂಪರ್ ವೀಸಾ ಮೇಲೆ 2022ರಿಂದ ಒಮ್ಮೆಗೆ ಐದು ವರ್ಷದವರೆಗೆ ಇರಬಹುದು. ಅದಕ್ಕೆ ಕಡ್ಡಾಯವಾದ ಖಾಸಗಿ ವಿಮೆ ಸಾಮಾನ್ಯವಾಗಿ ತುರ್ತು ಚಿಕಿತ್ಸೆಗಷ್ಟೇ. ಅಮೆರಿಕದಲ್ಲಿ ಗ್ರೀನ್ ಕಾರ್ಡ್ ಪಡೆದ ಹಿರಿಯರು ಹಣ ಕೊಟ್ಟು ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್ ಸೇರಲೂ ಐದು ವರ್ಷದ ವಾಸ ಬೇಕು. ಹೊರಡುವ ಮುಂಚೆ ಪರೀಕ್ಷೆ ಆಗಿರುತ್ತದೆಯೇ ಎಂದರೆ ಅದೂ ಇಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದಲ್ಲಿ 30ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಒಮ್ಮೆಯಾದರೂ ಗರ್ಭಕಂಠದ ತಪಾಸಣೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರಿಗಿಂತ ಕಡಿಮೆ, ಸ್ತನದ ತಪಾಸಣೆ ನೂರಕ್ಕೆ ಒಬ್ಬರಿಗಿಂತ ಕಡಿಮೆ. ಅಮ್ಮನಿಗೆ ವೀಸಾ ಬಂದಾಗ ಕನ್ನಡಕ, ಬಿಪಿ ಮಾತ್ರೆ, ಹಲ್ಲಿನ ಕೆಲಸ ಎಲ್ಲವನ್ನೂ ಮುಗಿಸಿ ಹೊರಡಿಸುವ ಮಕ್ಕಳು ಸ್ತನ, ಗರ್ಭಕಂಠ, ಕರುಳು, ಬಾಯಿಯ ತಪಾಸಣೆಯನ್ನೂ ಇಲ್ಲೇ ಮಾಡಿಸಿ, ಅದರ ವರದಿಯನ್ನು ಪಾಸ್‌ಪೋರ್ಟಿನ ಜೊತೆಗಿಟ್ಟು ಕಳಿಸಬೇಕು.